ಒಂದು ಹೆಸರಿನ ನೆನಪಿಗೆ: ಪಾಪ್ಪಿ ಹೂವಿನಿಂದ ಧ್ವಜ ದಿನದವರೆಗೆ

ಡಿಸೆಂಬರ್ ಮೊದಲ ವಾರ ಬಂತೆಂದರೆ ನಮ್ಮ ಶಾಲೆ, ಕಾಲೇಜು, ಕಚೇರಿಗಳಲ್ಲಿ ಅಂಗಿಯ ಜೇಬಿನ ಮೇಲೆ ಒಂದು ಪುಟ್ಟ ಧ್ವಜ ಕಾಣಿಸಿಕೊಳ್ಳುತ್ತದೆ. ಅದರ ಕೆಂಪು ಭೂಸೇನೆಯದು, ಕಡುನೀಲಿ ನೌಕಾಪಡೆಯದು, ತಿಳಿನೀಲಿ ವಾಯುಪಡೆಯದು. 1949ರ ಡಿಸೆಂಬರ್ 7ರಂದು ಮೊದಲ ಬಾರಿಗೆ ಆಚರಿಸಿದ ಸಶಸ್ತ್ರ ಪಡೆಗಳ ಧ್ವಜ ದಿನ 75 ವರ್ಷಗಳನ್ನು ದಾಟಿ ಬಂದಿದೆ. ಇಂಥ ಹೊತ್ತಿನಲ್ಲಿ ಈ ಪದ್ಧತಿ ಎಲ್ಲಿಂದ ಬಂತು, ಯಾರ ಕೈ ಹಾದು ಬಂತು, ಬರುವ ದಾರಿಯಲ್ಲಿ ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂದು ಹಿಂತಿರುಗಿ ನೋಡುವುದು ಉಚಿತ. ಮಡಿದವರ ನೆನಪಿನಲ್ಲಿ ಬದುಕಿ ಉಳಿದ ಸೈನಿಕನಿಗಾಗಿ ಹಣ ಕೂಡಿಸುವ ಈ ಪದ್ಧತಿಯನ್ನು ಯಾವ ಸರ್ಕಾರವೂ ಆದೇಶ ಹೊರಡಿಸಿ ಶುರುಮಾಡಲಿಲ್ಲ. ಅದರ ಬೇರಿನಲ್ಲಿರುವುದು ಒಬ್ಬ ಗೆಳೆಯನ ಸಾವು.

1915ರ ಮೇ 2, ಮೊದಲ ಮಹಾಯುದ್ಧದ ಕಾಲ. ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಕೆನಡಾ ಸೇನೆಯ ಯುವ ಅಧಿಕಾರಿ ಅಲೆಕ್ಸಿಸ್ ಹೆಲ್ಮರ್ ಫಿರಂಗಿ ಗುಂಡಿಗೆ ಬಲಿಯಾದ. ವಯಸ್ಸು 22. ಅಂತ್ಯಕ್ರಿಯೆ ನಡೆಸಲು ಪಾದ್ರಿ ಸಿಗದೆ, ಅವನ ಗೆಳೆಯನೂ ಸೇನಾ ವೈದ್ಯನೂ ಆಗಿದ್ದ ಜಾನ್ ಮೆಕ್‌ಕ್ರೇ ತಾನೇ ನಿಂತು ಪ್ರಾರ್ಥನೆ ಹೇಳಿ ಮಣ್ಣು ಮಾಡಿದ. ಗುಂಡು ಬಿದ್ದು ಉತ್ತಂತಾಗಿದ್ದ ಆ ನೆಲದಲ್ಲಿ ನಮ್ಮ ಗಸಗಸೆ ಗಿಡದ ಜಾತಿಗೇ ಸೇರಿದ ಕಾಡು ಪಾಪ್ಪಿ ಕೆಂಪಗೆ ಅರಳಿತ್ತು. ಆ ಹೂಗಳನ್ನು ಕಂಡು ಮೆಕ್‌ಕ್ರೇ ಬರೆದ ಕವಿತೆ ಅದೇ ವರ್ಷ ಡಿಸೆಂಬರ್ 8ರ 'ಪಂಚ್' ಪತ್ರಿಕೆಯಲ್ಲಿ ಅಚ್ಚಾಯಿತು. ಯುದ್ಧ ಮುಗಿಯುವುದನ್ನು ನೋಡಲು ಮೆಕ್‌ಕ್ರೇ ಉಳಿಯಲಿಲ್ಲ. 1918ರ ಜನವರಿಯಲ್ಲಿ ನ್ಯುಮೋನಿಯಾ ಅವನನ್ನು ಒಯ್ದಿತು. ಹೆಲ್ಮರನ ಸಮಾಧಿಯೂ ಮುಂದಿನ ಕಾದಾಟಗಳಲ್ಲಿ ಅಳಿಸಿಹೋಯಿತು. ಈಪ್ರ್‌ನ ಮೆನಿನ್ ದ್ವಾರದ ಗೋಡೆಯಲ್ಲಿ, ಸಮಾಧಿಯಿಲ್ಲದವರ ಸಾಲಿನಲ್ಲಿ, ಅವನ ಹೆಸರು ಉಳಿದಿದೆ. ಅದೇ ಗೋಡೆಯಲ್ಲಿ ನಮ್ಮವರ ಹೆಸರುಗಳೂ ಇವೆ. ಹೆಲ್ಮರ್ ಸಾಯುವ ಕೆಲವೇ ದಿನ ಮೊದಲು, ಏಪ್ರಿಲ್ 26ರಂದು, ಅದೇ ಕದನದಲ್ಲಿ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ವಿಷಾನಿಲಕ್ಕೆ ಎದೆಯೊಡ್ಡಿ ಮುನ್ನುಗ್ಗಿತ್ತು. ಈ ಕಥೆಯಲ್ಲಿ ನಾವು ಹೊರಗಿನವರಲ್ಲ, ಅದಕ್ಕಾಗಿ ಇದನ್ನು ಹೇಳಿದೆ.

ಕವಿತೆಯಿಂದ ಹಣಕ್ಕೆ ದಾರಿ ಮಾಡಿದವರು ಇಬ್ಬರು ಹೆಂಗಸರು. ಅಮೆರಿಕದ ಜಾರ್ಜಿಯಾದ ಶಿಕ್ಷಕಿ ಮೊಯಿನಾ ಮೈಕಲ್ 1918ರ ನವೆಂಬರ್ 9ರಂದು, ಯುದ್ಧ ನಿಲ್ಲುವ ಎರಡು ದಿನ ಮೊದಲು, ಆ ಕವಿತೆಯನ್ನು ಒಂದು ಪತ್ರಿಕೆಯಲ್ಲಿ ಓದಿದರು. ಅದೇ ದಿನ ನ್ಯೂಯಾರ್ಕಿನ ಅಂಗಡಿಯಿಂದ ರೇಷ್ಮೆಯ ಪಾಪ್ಪಿಗಳನ್ನು ಕೊಂಡು ತಂದು ತಾವೊಂದು ಮುಡಿದರು, ಉಳಿದವನ್ನು ಸುತ್ತಲಿದ್ದವರಿಗೆ ಹಂಚಿದರು. ಇನ್ನೊಬ್ಬರು ಫ್ರಾನ್ಸಿನ ಅನ್ನಾ ಗೆರಾಂ. ಯುದ್ಧದಲ್ಲಿ ಗಂಡನನ್ನು, ತಂದೆಯನ್ನು ಕಳೆದುಕೊಂಡ ಹೆಂಗಸರು ಮತ್ತು ಮಕ್ಕಳು ತಯಾರಿಸಿದ ಬಟ್ಟೆಯ ಪಾಪ್ಪಿಗಳನ್ನು ದೇಶದೇಶಗಳಲ್ಲಿ ಮಾರಿಸುವ ವ್ಯವಸ್ಥೆ ಮಾಡಿದ ಗಟ್ಟಿಗಿತ್ತಿ ಆಕೆ. 1921ರಲ್ಲಿ ಲಂಡನ್ನಿಗೆ ಬಂದು, ಆಗಷ್ಟೇ ಹುಟ್ಟಿದ್ದ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಮುಂದೆ ತಮ್ಮ ಯೋಜನೆಯನ್ನಿಟ್ಟರು. ಲೀಜನ್ನಿನ ಅಧ್ಯಕ್ಷ, ಫೀಲ್ಡ್ ಮಾರ್ಷಲ್ ಹೇಗ್. ಸಂಘದ ಕೈಯಲ್ಲಿ ಹಣವಿರಲಿಲ್ಲ, ಬಾಗಿಲಲ್ಲಿ ಮಾತ್ರ ಕೆಲಸವಿಲ್ಲದ, ಕೈಕಾಲು ಕಳೆದುಕೊಂಡ ಗಂಡಸರ ಸಾಲು ಬೆಳೆಯುತ್ತಲೇ ಇತ್ತು. ಅಳುಕುತ್ತಲೇ 90 ಲಕ್ಷ ಹೂಗಳಿಗೆ ಬೇಡಿಕೆ ಕೊಟ್ಟರು. 1921ರ ನವೆಂಬರ್ 11ರಂದು ಅವೆಲ್ಲ ಖರ್ಚಾಗಿ 1,06,000 ಪೌಂಡ್ ಕೂಡಿತು.

ಆ ದೊಡ್ಡ ಮೊತ್ತಕ್ಕಿಂತ ಮರುವರ್ಷ ನಡೆದ ಒಂದು ಸಣ್ಣ ಪ್ರಯತ್ನವೇ ನನಗೆ ಮುಖ್ಯವಾಗಿ ಕಾಣುತ್ತದೆ. ಎಂಜಿನಿಯರ್ ಆಗಿದ್ದ ಮೇಜರ್ ಜಾರ್ಜ್ ಹೌಸನ್ 'ಡಿಸೇಬಲ್ಡ್ ಸೊಸೈಟಿ' ಎಂಬ ಸಂಸ್ಥೆ ಕಟ್ಟಿಕೊಂಡಿದ್ದರು. ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡಿದ್ದ ಸಂಸತ್ ಸದಸ್ಯ ಜ್ಯಾಕ್ ಕೋಹೆನ್ ಅವರ ಜೊತೆಗಾರ. ಹೌಸನ್ ಅವರ ಆಲೋಚನೆ ಇಷ್ಟು: ಅಂಗವಿಕಲ ಸೈನಿಕನಿಗಾಗಿ ಹೂ ಮಾರುತ್ತೇವೆ, ಸರಿ. ಆ ಹೂವನ್ನು ಅವನೇ ಯಾಕೆ ತಯಾರಿಸಬಾರದು? ಲೀಜನ್ 2,000 ಪೌಂಡ್ ಕೊಟ್ಟಿತು. ಇದು ಕೈಗೂಡುವ ಬಗ್ಗೆ ಹೌಸನ್ ಅವರಿಗೇ ಪೂರ್ತಿ ನಂಬಿಕೆಯಿರಲಿಲ್ಲವಂತೆ. ಆದರೂ ಮಾಡಿ ನೋಡಬೇಕಾದ ಕೆಲಸ ಎಂದು ತಂದೆತಾಯಿಗೆ ಪತ್ರ ಬರೆದಿದ್ದರು. 1922ರಲ್ಲಿ ಲಂಡನ್ನಿನ ಓಲ್ಡ್ ಕೆಂಟ್ ರಸ್ತೆಯಲ್ಲಿ, ಹಿಂದೆ ಅಂಗಿಯ ಕಾಲರ್ ತಯಾರಿಸುತ್ತಿದ್ದ ಕಟ್ಟಡವೊಂದರಲ್ಲಿ, ಐವರು ಅಂಗವಿಕಲ ಮಾಜಿ ಸೈನಿಕರಿಂದ ಕಾರ್ಖಾನೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಐವರು ಐವತ್ತಾದರು.

ಹೂವಿನ ರಚನೆಯನ್ನೇ ಅವರು ಬದಲಿಸಿದ ರೀತಿಯನ್ನು ಹತ್ತಿರದಿಂದ ನೋಡಬೇಕು. ಕೆಂಪು ಎಸಳು, ಒಂದು ಕಡ್ಡಿ, ನಡುವೆ ಕಪ್ಪು ಗುಂಡಿ. ಬೆರಳಿಲ್ಲದವನು, ಒಂದೇ ಕೈಯಿದ್ದವನು ಸಹ ಇವುಗಳನ್ನು ಇನ್ನೊಬ್ಬರ ನೆರವಿಲ್ಲದೆ ಜೋಡಿಸಲು ಬರಬೇಕು. ಆ ಲೆಕ್ಕದಲ್ಲೇ ಅದನ್ನು ರೂಪಿಸಿದರು. ಅಂದಕ್ಕಾಗಿ ಮಾಡಿದ ಹೂವಲ್ಲ ಅದು. ಕೊಳ್ಳುವವನ ಕಣ್ಣಿಗಿಂತ ಮಾಡುವವನ ಕೈಗೆ ಮೊದಲ ಮರ್ಯಾದೆ. ಒಂದು ಧರ್ಮಕಾರ್ಯ ತನ್ನ ಫಲಾನುಭವಿಯನ್ನು ಇಷ್ಟು ಗೌರವದಿಂದ ನಡೆಸಿಕೊಂಡ ಉದಾಹರಣೆಗಳು ಬಹಳ ಸಿಗಲಾರವು. ಕಾರ್ಖಾನೆ ಮುಂದೆ ರಿಚ್ಮಂಡ್‌ಗೆ ಸ್ಥಳಾಂತರಗೊಂಡಿತು. ಅಲ್ಲಿ ಕೆಲಸಗಾರರ ಸಂಸಾರಗಳಿಗೆ ಮನೆಗಳೂ ಎದ್ದವು. ಸ್ಕಾಟ್ಲೆಂಡಿಗೆ ಹೂ ಸಾಲದೆ ಬಂದಾಗ ಹೇಗ್ ಅವರ ಪತ್ನಿ 1926ರಲ್ಲಿ ಎಡಿನ್‌ಬರೋದಲ್ಲಿ ಇನ್ನೊಂದು ಕಾರ್ಖಾನೆ ತೆರೆದರು. ಅಲ್ಲಿಯ ಹೂವಿಗೆ ನಾಲ್ಕು ಎಸಳು, ಎಲೆ ಇಲ್ಲ, ಇಂದಿಗೂ ಹಾಗೆಯೇ.

1928ರಲ್ಲಿ ಹೌಸನ್ ಮತ್ತೊಂದು ಹೆಜ್ಜೆಯಿಟ್ಟರು. ವೆಸ್ಟ್‌ಮಿನ್‌ಸ್ಟರ್ ಆಬಿಯ ಆವರಣದಲ್ಲಿ ಯುದ್ಧಭೂಮಿಯಿಂದ ತಂದ ಮರದ ಶಿಲುಬೆಯೊಂದನ್ನು ನೆಟ್ಟು, ಕೆಲವು ಅಂಗವಿಕಲ ಸೈನಿಕರೊಂದಿಗೆ ಪಾಪ್ಪಿ ತಟ್ಟೆ ಹಿಡಿದು ನಿಂತರು. ದಾರಿಹೋಕರು ಹೂ ಕೊಂಡು ಅಂಗಿಗೆ ಸಿಕ್ಕಿಸಿಕೊಳ್ಳುವ ಬದಲು ಶಿಲುಬೆಯ ಸುತ್ತ ಮಣ್ಣಿಗೆ ಚುಚ್ಚಿದರು. ಮುಂದಿನ ವರ್ಷಗಳಲ್ಲಿ ಇದಕ್ಕಾಗಿಯೇ ಪುಟ್ಟ ಮರದ ಶಿಲುಬೆಗಳು ಬಂದವು. ಮನೆಯವರು ಅವುಗಳನ್ನು ಕೊಂಡು, ತಮ್ಮ ಮಗನ, ಗಂಡನ, ಅಣ್ಣನ ಹೆಸರು ಬರೆದು ಹುಲ್ಲುಹಾಸಿನಲ್ಲಿ ನೆಡತೊಡಗಿದರು. ದೂರದ ಫ್ರಾನ್ಸಿನಲ್ಲೋ ಮೆಸಪಟೋಮಿಯಾದಲ್ಲೋ ಮಣ್ಣಾದ ಮಗನಿಗೆ ಸಮಾಧಿ ಕಾಣದ ತಾಯಿಗೆ ವರ್ಷಕ್ಕೊಂದು ದಿನ ನಿಂತು ಅಳಲು ಒಂದು ಜಾಗ ಸಿಕ್ಕಿತು. ಆಕೆ ಕೊಟ್ಟ ನಾಣ್ಯ ಮಗನ ಜೊತೆ ಹೋಗಿ ಕಾಲಿಲ್ಲದೆ ಮರಳಿದ ಇನ್ನೊಬ್ಬನ ಒಲೆ ಉರಿಸಿತು. ನೆನಪು ಮತ್ತು ನೆರವು ಇಷ್ಟು ಹತ್ತಿರ ಬಂದದ್ದು ಇಲ್ಲಿಯೇ. ಪಾಪ್ಪಿ ಚಳವಳಿಯ ಬಲ ಇದ್ದದ್ದು ಈ ಹೆಸರಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಮುಂದೆ ಹೇಳಬೇಕಾದ್ದೂ ಇದನ್ನೇ ನೆಚ್ಚಿಕೊಂಡಿದೆ.

ಇನ್ನು ಸಾಮ್ರಾಜ್ಯದ ಈ ಕಡೆಗೆ ಬರೋಣ. ಮೊದಲ ಮಹಾಯುದ್ಧದಲ್ಲಿ ಸುಮಾರು 13 ಲಕ್ಷ ಭಾರತೀಯರು ಸೇವೆ ಸಲ್ಲಿಸಿದರು. 74,000ದಷ್ಟು ಮಂದಿ ಮರಳಲಿಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಂದಿಗೆ ಹೈಫಾ ಪಟ್ಟಣ ಗೆದ್ದದ್ದು ಎಲ್ಲರೂ ಬಲ್ಲ ಸಂಗತಿ. ನವೆಂಬರ್ 11 ಇಲ್ಲಿಯೂ ಪಾಪ್ಪಿ ದಿನವಾಯಿತು. ದಂಡು ಪ್ರದೇಶಗಳಲ್ಲಿ, ಶಾಲೆಗಳಲ್ಲಿ ಕೆಂಪು ಹೂ ಮಾರಿದರು. ಆದರೆ ಆ ದುಡ್ಡು ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಏಳದೆ ಇರಲಿಲ್ಲ. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ನೆರೆಯ ಸಿಲೋನಿನವರು.

ಅಲ್ಲಿ ಪಾಪ್ಪಿ ಮಾರಿ ಬಂದ ಹಣದ ಬಹುಪಾಲು ಇಂಗ್ಲೆಂಡಿಗೆ ಹೋಗುತ್ತಿತ್ತು. ಸಿಲೋನಿನ ಮಾಜಿ ಸೈನಿಕನಿಗೆ ಸಿಗುತ್ತಿದ್ದದ್ದು ಅಲ್ಪ. ಇದರಿಂದ ನೊಂದ ಸಿಲೋನ್ ಮಾಜಿ ಸೈನಿಕರ ಸಂಘದ ಏಲಿಯನ್ ಪೆರೇರಾ 1931ರಲ್ಲಿ ಅದೇ ನವೆಂಬರ್ 11ರಂದು ಪಾಪ್ಪಿಗೆ ಬದಲಾಗಿ ಸೂರಿಯ ಹೂ ಮಾರಲು ಮುಂದಾದರು. ನಮ್ಮಲ್ಲಿ ಹೂವರಸಿ ಎನ್ನುವ ಮರದ ಹಳದಿ ಹೂವು ಅದು. 1933ರಲ್ಲಿ ಯುವಜನ ಸಂಘಗಳು ಇದನ್ನು ಕೈಗೆತ್ತಿಕೊಂಡವು. ಅಧ್ಯಕ್ಷೆಯಾದದ್ದು ಇಂಗ್ಲೆಂಡಿನಲ್ಲೇ ಹುಟ್ಟಿ ಅಲ್ಲಿಗೆ ಶಿಕ್ಷಕಿಯಾಗಿ ಬಂದಿದ್ದ ಡೋರೀನ್ ಯಂಗ್. ಹೆಂಗಸರು, ವಿದ್ಯಾರ್ಥಿಗಳು ಬೀದಿಯಲ್ಲಿ ನಿಂತು ಹೂ ಮಾರಿದರು. ಮರುವರ್ಷ ಮಲೇರಿಯಾ ದ್ವೀಪವನ್ನೇ ನಡುಗಿಸಿದಾಗ ಇದೇ ಸೂರಿಯ ಹೂವಿನ ಕಾರ್ಯಕರ್ತರು ಔಷಧ, ಆಹಾರ ಹೊತ್ತು ಹಳ್ಳಿಹಳ್ಳಿಗೆ ಹೋದರು. ಸಂಸ್ಥೆಗಳ ಇತಿಹಾಸ ಬರೆಯುವಾಗ ಇಂಥ ತಕರಾರುಗಳನ್ನು ಬದಿಗೆ ಸರಿಸುವುದುಂಟು, ಸರಿಸಬಾರದು. ನಿಧಿಗೆ ಹಣ ಕೊಟ್ಟವರು ಅದು ಎಲ್ಲಿಗೆ ಹೋಯಿತೆಂದು ಕೇಳುವುದು ಸೈನಿಕನಿಗೆ ಅಗೌರವವಲ್ಲ. ಅವನ ಪರವಾಗಿ ಕೇಳಲೇಬೇಕಾದ ಪ್ರಶ್ನೆ ಅದು.

ಸ್ವಾತಂತ್ರ್ಯ ಬಂದ ಮೇಲೆ ಪಾಪ್ಪಿಯ ಜಾಗಕ್ಕೆ ನಮ್ಮದೇ ಗುರುತು ಬೇಕಾಯಿತು. ಎರಡನೆಯ ಮಹಾಯುದ್ಧಕ್ಕಾಗಿ 25 ಲಕ್ಷಕ್ಕೆ ಏರಿದ್ದ ಸೇನೆಯಿಂದ ಬಹುಪಾಲು ಜನ ಮನೆಗೆ ಮರಳಿದ್ದರು. ದೇಶ ವಿಭಜನೆಯ ಗಾಯ, ಕಾಶ್ಮೀರದ ಯುದ್ಧ ಆಗಷ್ಟೇ ಕಳೆದಿತ್ತು. 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಸಮಿತಿ ಪ್ರತಿ ಡಿಸೆಂಬರ್ 7ನ್ನು ಧ್ವಜ ದಿನವಾಗಿ ಆಚರಿಸಲು ತೀರ್ಮಾನಿಸಿತು. ಆಗ ಸಚಿವರಾಗಿದ್ದವರು ಬಲದೇವ್ ಸಿಂಗ್. ಆ ವರ್ಷದ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದಿದ್ದ ಮೊದಲ ಭಾರತೀಯ ಮಹಾದಂಡನಾಯಕ ನಮ್ಮ ಕೊಡಗಿನ ಕಾರ್ಯಪ್ಪನವರು. ನಿವೃತ್ತರಾದ ಮೇಲೂ ಜವಾನನ ಯೋಗಕ್ಷೇಮ ಅವರ ಮನಸ್ಸಿನಿಂದ ಇಳಿಯಲಿಲ್ಲ. 1964ರಲ್ಲಿ ಮಾಜಿ ಸೈನಿಕರ ರಾಷ್ಟ್ರಮಟ್ಟದ ಸಂಘಟನೆಯಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಅನ್ನು ಸ್ಥಾಪಿಸಿದವರು ಅವರೇ.

ಧ್ವಜ ದಿನಕ್ಕೆ ಬೆನ್ನೆಲುಬಾಗಿ ನಿಂತ ಮಂಡಳಿಗೆ ಇನ್ನೂ ಹಳೆಯ ಚರಿತ್ರೆಯಿದೆ. 1919ರ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಹೆಸರು ಬದಲಿಸುತ್ತ ಬಂದು 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿಯಾಯಿತು. ಅದರ ಕೆಳಗೆ ರಾಜ್ಯ ಮಂಡಳಿಗಳು, ಜಿಲ್ಲಾ ಕಚೇರಿಗಳು. ಕರ್ನಾಟಕದಲ್ಲಿ ಈ ಕೆಲಸ ನೋಡುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಬೇರೆ ಬೇರೆ ಹೆಸರಿನಲ್ಲಿ ಹರಡಿದ್ದ ನಿಧಿಗಳನ್ನು 1993ರಲ್ಲಿ ಒಗ್ಗೂಡಿಸಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಎಂದು ಒಂದೇ ನಿಧಿ ಮಾಡಿದರು. ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೂ ಗಾಯಾಳುಗಳಿಗೂ ಮೀಸಲಾಗಿದ್ದ ವಿಶೇಷ ನಿಧಿ, ಗೂರ್ಖಾ ಮಾಜಿ ಸೈನಿಕರ ನಿಧಿ, ಇವುಗಳ ಜೊತೆ ಸೇಂಟ್ ಡನ್‌ಸ್ಟನ್ಸ್ ನಿಧಿಯೂ ಅದರೊಳಗೆ ಸೇರಿತು.

ಆ ಕೊನೆಯ ಹೆಸರನ್ನು ದಾಟಿ ಮುಂದೆ ಹೋಗಲು ಮನಸ್ಸು ಬಾರದು. ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ 1915ರ ಆಗಸ್ಟಿನಲ್ಲಿ ಗಲಿಪೊಲಿಯಲ್ಲಿ ಎರಡೂ ಕಣ್ಣು ಕಳೆದುಕೊಂಡಾಗ ಇಪ್ಪತ್ತರ ಹರೆಯದ ಹುಡುಗ. ದೃಷ್ಟಿಹೀನ ಸೈನಿಕರಿಗಾಗಿ ಆರ್ಥರ್ ಪಿಯರ್ಸನ್ ಲಂಡನ್ನಿನಲ್ಲಿ ತೆರೆದಿದ್ದ ಸೇಂಟ್ ಡನ್‌ಸ್ಟನ್ಸ್ ಅವನನ್ನು ಮತ್ತೆ ನಿಲ್ಲಿಸಿತು. ಪಿಯರ್ಸನ್ ಕೂಡ ಕಣ್ಣು ಕಳೆದುಕೊಂಡ ಪತ್ರಿಕೋದ್ಯಮಿ. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದೇ ಮೆಕೆಂಜಿ ಭಾರತಕ್ಕೆ ಬಂದು, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ನಮ್ಮ ಸಿಪಾಯಿಗಳಿಗಾಗಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ವಸತಿಗೃಹವನ್ನು ಕಟ್ಟಿ ನಿಲ್ಲಿಸಿದರು. ಕಾಣದ ಕಣ್ಣಿನ ಜವಾನ ಅಲ್ಲಿ ಬ್ರೈಲ್ ಕಲಿತ, ನೇಯ್ಗೆ ಕಲಿತ. ಇಂದು ಡೆಹ್ರಾಡೂನಿನಲ್ಲಿರುವ ದೃಷ್ಟಿ ವಿಕಲಚೇತನರ ರಾಷ್ಟ್ರೀಯ ಸಂಸ್ಥೆ ಬೆಳೆದದ್ದು ಈ ಬೀಜದಿಂದಲೇ.

ಈಗ ನಿಧಿಯ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಓದುಗರು ತಿಳಿಯಬೇಕು. ಪುಣೆಯ ಖಡ್ಕಿಯಲ್ಲಿ ಮತ್ತು ಮೊಹಾಲಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಸೈನಿಕರ ಪುನರ್ವಸತಿ ಕೇಂದ್ರಗಳಿವೆ. ಅದೇ ಖಡ್ಕಿಯಲ್ಲಿ, ಮೊದಲ ಮಹಾಯುದ್ಧದ ನಡುವೆ 1917ರಲ್ಲಿ ಹುಟ್ಟಿದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯಿದೆ. ಅಂಗವಿಕಲರಾಗಿ ಸೇನೆಯಿಂದ ಹೊರಬಂದವರಿಗೆ ಕಸುಬು ಕಲಿಸುವ ಶಾಲೆ. ಮಡಿದವರ ಮಕ್ಕಳ ಓದಿಗೆ ವಾರ್ ಮೆಮೋರಿಯಲ್ ಹಾಸ್ಟೆಲ್‌ಗಳಿವೆ. ಇವೆಲ್ಲಕ್ಕೂ ಈ ನಿಧಿಯಿಂದ ನೆರವು ಹೋಗುತ್ತದೆ. ಪಿಂಚಣಿಯೇ ಇಲ್ಲದ ವೃದ್ಧ ಸೈನಿಕನಿಗೆ, ಅವನ ವಿಧವೆಗೆ ತಿಂಗಳ ಸಹಾಯಧನ, ಮಕ್ಕಳ ವಿದ್ಯಾಭ್ಯಾಸಕ್ಕೆ, ಮಗಳ ಮದುವೆಗೆ, ಔಷಧೋಪಚಾರಕ್ಕೆ ಅನುದಾನ ಇವೆ.

ಪಿಂಚಣಿಯಿಲ್ಲದ ಸೈನಿಕನೇ, ಎಂದು ಹಲವರು ಅಚ್ಚರಿಪಡುತ್ತಾರೆ. ಇದ್ದಾರೆ. ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಸೇವೆ ಮುಗಿದವರು. ಎರಡನೆಯ ಮಹಾಯುದ್ಧಕ್ಕೆ ಸೇರಿ ಯುದ್ಧ ಮುಗಿದೊಡನೆ ಊರಿಗೆ ಬಂದವರು. ಪಿಂಚಣಿಯಿದ್ದವರ ಪಾಡೂ ಹಗುರವಲ್ಲ. ಸಾಮಾನ್ಯ ಜವಾನ ಮೂವತ್ತೈದು, ನಲವತ್ತರ ಆಜುಬಾಜಿನಲ್ಲೇ ಸಮವಸ್ತ್ರ ಕಳಚುತ್ತಾನೆ. ಮಕ್ಕಳು ಇನ್ನೂ ಪ್ರೈಮರಿಯಲ್ಲಿ, ಅಪ್ಪ ಅಮ್ಮನಿಗೆ ವಯಸ್ಸಾಗಿರುತ್ತದೆ, ಊರಿನ ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿಹೋಗಿರುತ್ತದೆ. ಎರಡನೆಯ ಬದುಕನ್ನು ಅವನು ಮೊದಲಿನಿಂದ ಕಟ್ಟಬೇಕು. ಹಿಮದಲ್ಲಿ ಬೆರಳು ಕಳೆದುಕೊಂಡಿದ್ದರೆ, ನೆಲಬಾಂಬಿಗೆ ಪಾದ ಕೊಟ್ಟಿದ್ದರೆ ಆ ಕಟ್ಟುವಿಕೆ ಇನ್ನೆಷ್ಟು ಕಷ್ಟ!

ಯುದ್ಧ ನಡೆದಾಗ ನಮ್ಮ ಜನ ಕೈಬಿಚ್ಚಿ ಕೊಡುತ್ತಾರೆ. 1999ರ ಕಾರ್ಗಿಲ್ ದಿನಗಳನ್ನು ಕಂಡವರಿಗೆ ಗೊತ್ತು: ಮಕ್ಕಳು ಹುಂಡಿ ಒಡೆದರು, ಹೆಣ್ಣುಮಕ್ಕಳು ಬಳೆ ಬಿಚ್ಚಿಕೊಟ್ಟರು. ಶಾಂತಿಯ ವರ್ಷಗಳಲ್ಲಿ ಆ ಕಾವು ಆರುತ್ತದೆ, ಗಾಯಾಳುವಿನ ನೋವು ಮಾತ್ರ ಆರುವುದಿಲ್ಲ. ಧ್ವಜ ದಿನ ಇರುವುದು ಈ ನಡುವಿನ ವರ್ಷಗಳಿಗಾಗಿ. ಆದರೆ ಎಷ್ಟೋ ಕಡೆ ಅದು ಮೇಲಿನಿಂದ ಬಂದ ಗುರಿ, ತರಗತಿಗೆ ಇಷ್ಟು ಎಂಬ ವಸೂಲಿ, ಒಂದು ಸ್ಟಿಕ್ಕರ್ ಎಂಬಷ್ಟಕ್ಕೆ ಇಳಿದಿದೆ. ಹಣ ಕೊಟ್ಟ ಮಗುವಿಗೆ ತಾನು ಯಾರನ್ನು ನೆನೆಯುತ್ತಿದ್ದೇನೆಂದು ಗೊತ್ತಿರುವುದಿಲ್ಲ. ವೆಸ್ಟ್‌ಮಿನ್‌ಸ್ಟರಿನ ಹುಲ್ಲುಹಾಸಿನಲ್ಲಿದ್ದ ಆ ಹೆಸರು ನಮ್ಮ ಧ್ವಜದ ಮೇಲಿಲ್ಲ.

ಹೆಸರಿನಲ್ಲಿ ಕೊಡುವುದು ನಮಗೆ ಹೊಸತೇ? ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದ ದೊಡ್ಡ ವೀರಗಲ್ಲಿದೆ. ಗಂಗರ ಎರೆಯಪ್ಪನ ಕಡೆಯ ನಾಗತ್ತರ ಕಾದಾಡಿ ಮಡಿದ. ಅವನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೇಗೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟರೆಂದು ಆ ಶಾಸನ ಸಾರುತ್ತದೆ. ಸಾವಿರ ವರ್ಷಕ್ಕೂ ಹಿಂದಿನ ಮಾತು. ಕಾದಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ನೆತ್ತರುಗೊಡಗೆಯ ಹೊಲಗದ್ದೆಗಳ ಉಲ್ಲೇಖ ಕನ್ನಡನಾಡಿನ ಎಷ್ಟು ಕಲ್ಲುಗಳಲ್ಲಿಲ್ಲ! ಹೆಸರು ಕೆತ್ತಿದ ಕಲ್ಲಿನಲ್ಲೇ ಅನ್ನದ ವ್ಯವಸ್ಥೆಯನ್ನೂ ಕೆತ್ತುತ್ತಿದ್ದರು. ಹೊಸ ಕಾಲದಲ್ಲಿ ಇದೇ ಬುದ್ಧಿ ದತ್ತಿಯ ರೂಪ ತಾಳಿತು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಅಪ್ಪನ ಹೆಸರಿನ, ಅಮ್ಮನ ಹೆಸರಿನ, ಅಗಲಿದ ಮಗಳ ಹೆಸರಿನ ದತ್ತಿಗಳಿವೆ. ಊರ ಶಾಲೆಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಅಜ್ಜಿಯ ನೆನಪಿನ ಬಹುಮಾನ, ದೇವಸ್ಥಾನದಲ್ಲಿ ತಾತನ ಪುಣ್ಯತಿಥಿಯ ಅನ್ನಸಂತರ್ಪಣೆ. ನಾವು ಪ್ರೀತಿಯವರನ್ನು ನೆನೆಯುವುದೇ ಕೊಟ್ಟು. ಆ ಕೊಡುಗೆಗಳ ಪಟ್ಟಿಯಲ್ಲಿ ಮಾಜಿ ಸೈನಿಕನ ಹೆಸರು ಅಪರೂಪವಾಗಿರುವುದು ನನಗೆ ನೋವಿನ ಸಂಗತಿ.

ದಾರಿ ತೋರಿದವರು ನಮ್ಮ ನಡುವೆಯೇ ಇದ್ದಾರೆ. ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಮರಾಠಾ ಲಘು ಪದಾತಿ ದಳದ 9ನೆಯ ಬೆಟಾಲಿಯನ್ನಿನ ನಾಯಕರಾಗಿ 2007ರ ಜುಲೈ 31ರಂದು ಕಾಶ್ಮೀರದ ಉರಿ ವಲಯದಲ್ಲಿ ನುಸುಳುಕೋರರನ್ನು ತಡೆಯುತ್ತ ಪ್ರಾಣ ಕೊಟ್ಟರು. ಮರಣೋತ್ತರವಾಗಿ ಅಶೋಕ ಚಕ್ರ ಬಂತು. ಪತ್ನಿ ಸುಭಾಷಿಣಿ ವಸಂತ್ ನೃತ್ಯ ಕಲಾವಿದೆ. ಪತಿಯ ಹೆಸರಿನಲ್ಲಿ ಅವರು ಕಟ್ಟಿದ ವಸಂತರತ್ನ ಪ್ರತಿಷ್ಠಾನ ಹುತಾತ್ಮ ಸೈನಿಕರ ಪತ್ನಿಯರ ಬೆನ್ನಿಗೆ ನಿಂತು, ಅವರ ಮಕ್ಕಳ ಓದಿಗೆ ಆಸರೆಯಾಗುತ್ತ ಬಂದಿದೆ. ಹಳ್ಳಿಯ ಮೂಲೆಯಲ್ಲಿ ಇಪ್ಪತ್ತೈದಕ್ಕೇ ಗಂಡನನ್ನು ಕಳೆದುಕೊಂಡ ಹುಡುಗಿಗೆ ಪರಿಹಾರದ ಹಣಕ್ಕಿಂತ ಮೊದಲು, ಅದನ್ನು ತನ್ನ ಹೆಸರಿನಲ್ಲಿ ಉಳಿಸಿಕೊಳ್ಳುವ ಧೈರ್ಯ ಹೇಳುವವರು ಬೇಕು. ಅದೇ ದುಃಖ ಉಂಡವರು ಹೇಳಿದಾಗ ಆ ಮಾತಿಗೆ ಬೇರೆಯೇ ತೂಕ. ಈ ಕೆಲಸಕ್ಕಾಗಿ ಸುಭಾಷಿಣಿಯವರಿಗೆ 2016ರಲ್ಲಿ ನೀರಜಾ ಭನೋಟ್ ಪ್ರಶಸ್ತಿ ಸಂದಿತು.

ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಸೇನೆಯಲ್ಲಿದ್ದು ಅಗಲಿದ ತಂದೆಯೋ, ಚಿಕ್ಕಪ್ಪನೋ, ಮಗನೋ ಇದ್ದರೆ ಅವರ ಮುಂದಿನ ಪುಣ್ಯತಿಥಿಯಂದು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಸೇನೆಯ ನಂಟಿಲ್ಲದ ಮನೆಯಾದರೂ ಅಡ್ಡಿಯಿಲ್ಲ. ನೀವು ಪ್ರೀತಿಸಿದ ಯಾರ ನೆನಪಿಗಾದರೂ ಆಗಬಹುದು. ಕೈಲಾದಷ್ಟನ್ನು ಧ್ವಜ ದಿನ ನಿಧಿಗೆ ಕೊಟ್ಟು ರಸೀದಿ ಪಡೆಯಿರಿ. ಆದಾಯ ತೆರಿಗೆ ವಿನಾಯಿತಿ ನಿಮಗೆ ಅನ್ವಯಿಸುತ್ತದೆಯೇ ಎಂದೂ ವಿಚಾರಿಸಿ. ಕೊಡುವಾಗ ಅಗಲಿದವರ ಹೆಸರನ್ನು ಬರೆದುಕೊಡಿ, ಜೊತೆಗೆ ಹೋದ ಮಕ್ಕಳಿಗೆ ಆ ಹೆಸರಿನ ಕಥೆ ಹೇಳಿ. ಹಣ ಯಾವ ಬಗೆಯ ಕೆಲಸಕ್ಕೆ ಹೋಗುತ್ತದೆಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ತಾಲ್ಲೂಕಿನಲ್ಲಿ ಪಿಂಚಣಿಯಿಲ್ಲದ ಮಾಜಿ ಸೈನಿಕರೋ ಅವರ ಹೆಂಡತಿಯೋ ಒಬ್ಬಂಟಿಯಾಗಿ ಇರುವುದು ಗೊತ್ತಿದ್ದರೆ ಆ ಸಹಾಯಧನದ ಅರ್ಜಿ ತುಂಬಿಸಿ ಕಚೇರಿಗೆ ತಲುಪಿಸುವ ಹೊಣೆಯನ್ನೂ ಅದೇ ದಿನ ಹೊತ್ತುಕೊಳ್ಳಿ.